ಚೀಟಿಯ ಬೆಲೆ, ಲಕೋಟೆಯ ಸಾಕ್ಷ್ಯ

ಅಂಚೆಚೀಟಿ ಸಂಗ್ರಾಹಕರು ಕೂಡಿಡದಿದ್ದರೆ ಹಳೆಯ ಕಾಗದಗಳು ಎಂದೋ ಒಲೆ ಸೇರುತ್ತಿದ್ದವು. ಅವರೇ ಕತ್ತರಿ ಹಿಡಿಯದಿದ್ದರೆ ಇನ್ನೆಷ್ಟೋ ಕಾಗದಗಳು ಇಂದಿಗೂ ಸಾಕ್ಷಿ ನುಡಿಯುತ್ತಿದ್ದವು. ಆಲ್ಬಂನ ಹವ್ಯಾಸಕ್ಕೂ ಅಂಚೆಯ ಚರಿತ್ರೆಗೂ ಇರುವ ಈ ಜಗಳದ ನಂಟು, ಚೀಟಿಯನ್ನೇ ಹೊರಡಿಸದೆ ನಡೆದ ಮೈಸೂರು ಅಂಚೆಯ ಪಾಲಿಗೆ ಅಳಿವು ಉಳಿವಿನ ಪ್ರಶ್ನೆ.

ಲಕೋಟೆಯ ಮೇಲೆ ಏಳನೆಯ ಎಡ್ವರ್ಡ್ ದೊರೆಯ ಮುಖ ಹೊತ್ತ, ಅಂದಿನ ಯಾವ ಅಂಚೆ ಕಚೇರಿಯಲ್ಲಾದರೂ ಸಿಗುತ್ತಿದ್ದ ಸಾಧಾರಣ ಚೀಟಿ. ಜೊತೆಗೆ ನೇರಳೆಗೆಂಪು ಶಾಯಿಯ ದುಂಡು ಮುದ್ರೆ. ಮುದ್ರೆಯೊಳಗೆ ಬೆಟ್ಟಸಾಲಿನ ಮೇಲೆ ಹಾರುವ ವಿಮಾನ. ಅದರ ಸುತ್ತ ಇದು ಮೊದಲ ವಿಮಾನ ಅಂಚೆ ಎಂದು ಸಾರುವ ಇಂಗ್ಲಿಷ್ ಅಕ್ಷರಗಳು ಮತ್ತು 1911 ಎಂಬ ಇಸವಿ. ಆ ವರ್ಷದ ಫೆಬ್ರುವರಿ 18ರಂದು ಫ್ರಾನ್ಸಿನ ವೈಮಾನಿಕ ಆನ್ರಿ ಪೆಕೆ ಇಂಥ ಆರು ಸಾವಿರದಷ್ಟು ಕಾಗದಗಳ ಚೀಲವನ್ನು ತನ್ನ ಪುಟ್ಟ ವಿಮಾನದಲ್ಲಿಟ್ಟುಕೊಂಡು ಅಲಹಾಬಾದಿನಿಂದ ಯಮುನೆಯ ಆಚೆಗಿನ ನೈನಿಗೆ ಹಾರಿದಾಗ, ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಸುಮಾರು ಹತ್ತು ಕಿಲೋಮೀಟರು ದೂರವನ್ನು ಕಾಲು ಗಂಟೆಯೊಳಗೆ ಕ್ರಮಿಸಿತ್ತು.

ಆ ಸಂದರ್ಭಕ್ಕೆಂದು ಹೊಸ ಚೀಟಿ ಯಾವುದೂ ಅಚ್ಚಾಗಿರಲಿಲ್ಲ. ಆದ್ದರಿಂದ ಲಕೋಟೆಯಿಂದ ಬಿಡಿಸಿ ಆಲ್ಬಂಗೆ ಅಂಟಿಸಿದೊಡನೆ ಆ ಚೀಟಿ ತನ್ನಂಥ ಅಸಂಖ್ಯ ಎಡ್ವರ್ಡ್ ಚೀಟಿಗಳ ಗುಂಪಿನಲ್ಲಿ ಕರಗಿಹೋಗುತ್ತದೆ. ವಿಳಾಸ, ಚೀಟಿ, ಮುದ್ರೆ ಮೂರೂ ಒಟ್ಟಿಗೆ ಉಳಿದಾಗ ಮಾತ್ರ ಅದೇ ಕಾಗದ ವಿಮಾನಯಾನದ ಚರಿತ್ರೆಗೆ ಮೂಲ ದಾಖಲೆಯಾಗುತ್ತದೆ.

ಬರ್ನ್ ನಗರದಲ್ಲಿ 1874ರ ಅಕ್ಟೋಬರ್ 9ರಂದು ಹುಟ್ಟಿದ ವಿಶ್ವ ಅಂಚೆ ಒಕ್ಕೂಟದ ನೆನಪಿಗೆ ಅದೇ ದಿನ ವಿಶ್ವ ಅಂಚೆ ದಿನವೂ, ಮರುದಿನ ರಾಷ್ಟ್ರೀಯ ಅಂಚೆ ದಿನವೂ ಬರುವುದರಿಂದ, ಪ್ರತಿವರ್ಷ ಈ ವಾರ ಅಂಚೆ ಕಚೇರಿಗಳಲ್ಲಿ ಚೀಟಿಗಳ ಪ್ರದರ್ಶನ ನಡೆಯುತ್ತದೆ. ಬಣ್ಣದ ಚೀಟಿಗಳ ಮುಂದೆ ಮಕ್ಕಳು ಸಾಲುಗಟ್ಟುವ ಈ ದಿನಗಳಲ್ಲಿ, ಚೀಟಿಯನ್ನು ಕೂಡಿಡುವವನೂ ಅಂಚೆಯ ಇತಿಹಾಸವನ್ನು ಬರೆಯುವವನೂ ಒಂದೇ ಕಾಗದವನ್ನು ಹೇಗೆ ಬೇರೆ ಬೇರೆಯಾಗಿ ನೋಡುತ್ತಾರೆ ಎಂಬ ಪ್ರಶ್ನೆ ಕೇಳುವುದು ಸಕಾಲಿಕ.

ಎರಡು ನೋಟ

ಅಂಚೆಚೀಟಿ ಸಂಗ್ರಹ, ಅಂದರೆ ಫಿಲಾಟೆಲಿ, ಚೀಟಿಯನ್ನೇ ಕೇಂದ್ರವಾಗಿಟ್ಟುಕೊಂಡ ವಿದ್ಯೆ. ಚೀಟಿಯ ಕಾಗದ ಯಾವುದು, ಬೆಳಕಿಗೆ ಹಿಡಿದರೆ ಕಾಣುವ ನೀರುಗುರುತು ಯಾವುದು, ಬಿಡಿಸಲು ಅನುಕೂಲವಾಗುವಂತೆ ಅಂಚಿನಲ್ಲಿ ಹೊಡೆದ ರಂಧ್ರಗಳೆಷ್ಟು, ಶಾಯಿಯ ಛಾಯೆ ಯಾವುದು, ಅಚ್ಚಿನಲ್ಲಿ ತಪ್ಪಾಗಿದೆಯೇ ಎಂಬವು ಅದರ ಪ್ರಶ್ನೆಗಳು. ಯಾವ ಚೀಟಿ ಅಪರೂಪ ಎಂದು ತೀರ್ಮಾನಿಸುವುದು ಅದರ ಕ್ಯಾಟಲಾಗು.

ಅಂಚೆಯ ಇತಿಹಾಸ ಕೇಳುವ ಪ್ರಶ್ನೆಗಳೇ ಬೇರೆ. ಕಾಗದ ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಎಷ್ಟು ದಿನಕ್ಕೆ ಎಲ್ಲಿಗೆ ಮುಟ್ಟಿತು, ಅದಕ್ಕೆ ಯಾರು ಎಷ್ಟು ಹಣ ತೆತ್ತರು, ನಡುವೆ ಯಾರು ತೆರೆದು ಓದಿದರು, ಯಾವ ಕಚೇರಿ ಯಾವ ಮುದ್ರೆ ಒತ್ತಿತು ಎಂಬುದನ್ನು ಪತ್ತೆಹಚ್ಚಿ, ಅದರ ಮೂಲಕ ಒಂದು ಆಡಳಿತ, ಒಂದು ವ್ಯಾಪಾರ, ಒಂದು ಯುದ್ಧ ಹೇಗೆ ನಡೆಯಿತು ಎಂದು ತಿಳಿಯುವುದು ಈ ಅಧ್ಯಯನದ ಗುರಿ. ಇಲ್ಲಿ ಚೀಟಿ ಹಲವು ಸಾಕ್ಷಿಗಳಲ್ಲಿ ಒಂದು. ಅದು ಇಲ್ಲದೆಯೂ ವಿಚಾರಣೆ ನಡೆಯುತ್ತದೆ.

ಕಾಲದ ದೃಷ್ಟಿಯಿಂದಲೂ ಇವೆರಡರ ನಡುವೆ ದೊಡ್ಡ ಅಂತರವಿದೆ. ಅಂಟಿಸುವ ಚೀಟಿ ಹುಟ್ಟಿದ್ದು 1840ರ ಮೇ ತಿಂಗಳಿನಲ್ಲಿ, ಬ್ರಿಟನ್ನಿನ ಪೆನ್ನಿ ಬ್ಲ್ಯಾಕ್ ರೂಪದಲ್ಲಿ. ಆದರೆ ಕಾಗದದ ಮೇಲೆ ದಿನಾಂಕದ ಮುದ್ರೆ ಒತ್ತುವ ಪದ್ಧತಿಯನ್ನು ಇಂಗ್ಲೆಂಡಿನ ಪೋಸ್ಟ್‌ಮಾಸ್ಟರ್ ಜನರಲ್ ಹೆನ್ರಿ ಬಿಷಪ್ 1661ರಲ್ಲಿಯೇ ಜಾರಿಗೆ ತಂದಿದ್ದ. ಭಾರತದಲ್ಲಿ ವಾರನ್ ಹೇಸ್ಟಿಂಗ್ಸ್ ಕಂಪನಿಯ ಅಂಚೆಯನ್ನು 1774ರಲ್ಲಿ ಸಾರ್ವಜನಿಕರಿಗೆ ತೆರೆದ ಮೇಲೆ, ದೇಶಕ್ಕೆಲ್ಲ ಅನ್ವಯಿಸುವ ಚೀಟಿ ಬರಲು ಎಂಬತ್ತು ವರ್ಷ ಹಿಡಿಯಿತು. ಆ ಎಂಬತ್ತು ವರ್ಷಗಳ ಸಾಮಾನ್ಯ ಪತ್ರವ್ಯವಹಾರಕ್ಕೆ ಚೀಟಿಯ ಆಲ್ಬಂನಲ್ಲಿ ಜಾಗವಿಲ್ಲ.

ಕತ್ತರಿ ಮತ್ತು ನೀರಿನ ಬಟ್ಟಲು

ಸಂಗ್ರಹದ ಹವ್ಯಾಸ ಚೀಟಿಯ ಜೊತೆಗೇ ಹುಟ್ಟಿತು. ಬ್ರಿಟಿಷ್ ಮ್ಯೂಸಿಯಂನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ಪೆನ್ನಿ ಬ್ಲ್ಯಾಕ್ ಬಂದ ಹೊಸತರಲ್ಲಿಯೇ ಅದನ್ನು ನೆನಪಿಗೆಂದು ಕೊಂಡಿಟ್ಟಿದ್ದ. 1856ರಲ್ಲಿ ಸ್ಟ್ಯಾನ್ಲಿ ಗಿಬ್ಬನ್ಸ್ ಇಂಗ್ಲೆಂಡಿನಲ್ಲಿ ಚೀಟಿ ವ್ಯಾಪಾರ ಆರಂಭಿಸಿದ. 1869ರಲ್ಲಿ ಲಂಡನ್ನಿನ ಫಿಲಾಟೆಲಿಕ್ ಸೊಸೈಟಿಯೂ 1897ರಲ್ಲಿ ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾವೂ ಸ್ಥಾಪನೆಯಾದವು.

ಆ ಕಾಲದ ಆಲ್ಬಂಗಳು ಪ್ರತಿ ದೇಶಕ್ಕೂ ಖಾಲಿ ಚೌಕಗಳನ್ನು ಅಚ್ಚುಹಾಕಿ ಇಡುತ್ತಿದ್ದುದರಿಂದ, ಚೌಕ ತುಂಬುವುದೇ ಸಂಗ್ರಾಹಕನ ಗುರಿಯಾಯಿತು. ಚೀಟಿಯ ಸುತ್ತಲಿನ ಕಾಗದವನ್ನು ಕತ್ತರಿಸಿ, ನೀರಿನ ಬಟ್ಟಲಿನಲ್ಲಿ ನೆನೆಹಾಕಿ, ಗೋಂದು ಬಿಟ್ಟ ಚೀಟಿಯನ್ನು ಒಣಗಿಸಿ ಅಂಟಿಸಿಕೊಂಡ ಮೇಲೆ ಉಳಿದ ಲಕೋಟೆ ಕಸದ ಬುಟ್ಟಿ ಸೇರುತ್ತಿತ್ತು. ಹೀಗೆ ಒಂದು ತಲೆಮಾರು ಚೀಟಿಯನ್ನು ಉಳಿಸುವ ಉತ್ಸಾಹದಲ್ಲಿ ವಿಳಾಸ, ಮುದ್ರೆ, ದಿನಾಂಕ, ದಾರಿಗಳ ಸಾಕ್ಷ್ಯವನ್ನು ಕೈಯಾರೆ ಅಳಿಸಿತು.

ಜಗತ್ತಿನ ಅತ್ಯಂತ ಬೆಲೆಬಾಳುವ ಚೀಟಿಯೇ ಇದಕ್ಕೆ ಉದಾಹರಣೆ. ಲಂಡನ್ನಿನಿಂದ ಬರಬೇಕಿದ್ದ ಚೀಟಿಗಳು ತಡವಾದದ್ದರಿಂದ 1856ರಲ್ಲಿ ಬ್ರಿಟಿಷ್ ಗಯಾನಾದ ಪೋಸ್ಟ್‌ಮಾಸ್ಟರ್ ಸ್ಥಳೀಯ ಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಮುದ್ರಿಸಿಕೊಂಡ ಒಂದು ಸೆಂಟಿನ ಕೆನ್ನೇರಳೆ ಚೀಟಿ 1873ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಹಳೆಯ ಕಾಗದಗಳ ನಡುವೆ ಸಿಕ್ಕಿತು. 2014ರ ಹರಾಜಿನಲ್ಲಿ ಸುಮಾರು 95 ಲಕ್ಷ ಡಾಲರಿಗೆ ಮಾರಾಟವಾದ ಆ ಚೀಟಿಯ ನಾಲ್ಕು ಮೂಲೆಗಳನ್ನೂ ಯಾರೋ ಕತ್ತರಿಸಿದ್ದಾರೆ. ಅದು ಅಂಟಿಕೊಂಡು ಪಯಣಿಸಿದ ಕಾಗದ ಇಂದು ಅದರ ಜೊತೆಗಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಮಾರಿಷಸ್ಸಿನಿಂದ 1850ರಲ್ಲಿ ಮುಂಬಯಿಯ ಬೈಬಲ್ ಸಂಘದ ಕಾರ್ಯದರ್ಶಿಗೆ ಬಂದ ಪತ್ರ. 1847ರ ಪ್ರಸಿದ್ಧ ‘ಪೋಸ್ಟ್ ಆಫೀಸ್’ ಮಾದರಿಯ ಎರಡು ಒಂದು ಪೆನ್ನಿ ಚೀಟಿಗಳು ಇಂದಿಗೂ ಅದರ ಮೇಲೆ ಅಂಟಿಕೊಂಡೇ ಇರುವುದರಿಂದ, ಹಿಂದೂ ಮಹಾಸಾಗರದ ಎರಡು ವಸಾಹತುಗಳ ನಡುವೆ ಮಿಷನರಿ ಸಂಘಗಳು ಹೇಗೆ ವ್ಯವಹರಿಸುತ್ತಿದ್ದವು, ಆ ವ್ಯವಹಾರಕ್ಕೆ ಎಷ್ಟು ಖರ್ಚಾಗುತ್ತಿತ್ತು ಎಂಬುದನ್ನೂ ಆ ಲಕೋಟೆ ಹೇಳುತ್ತದೆ.

> ಚೌಕಟ್ಟು 1: ಲಕೋಟೆಯನ್ನು ಓದುವ ಬಗೆ
>
> ಚೀಟಿಗಳ ಒಟ್ಟು ಮೊತ್ತ: ಅಂದಿನ ದರಪಟ್ಟಿಯೊಂದಿಗೆ ತಾಳೆ ಹಾಕಿದರೆ ಕಾಗದದ ತೂಕ ಮತ್ತು ಸೇವೆಯ ಬಗೆ ತಿಳಿಯುತ್ತದೆ.
>
> ರದ್ದುಮುದ್ರೆ: ಚೀಟಿ ಮತ್ತೆ ಬಳಕೆಯಾಗದಂತೆ ಹೊರಡುವ ಕಚೇರಿ ಒತ್ತುವ ಮುದ್ರೆ, ಊರು, ದಿನಾಂಕ ಇದರಲ್ಲಿರುತ್ತವೆ.
>
> ನಡುದಾರಿಯ ಮುದ್ರೆ: ಕಾಗದ ಹಾದುಹೋದ ಕಚೇರಿ, ರೈಲು ಅಥವಾ ಹಡಗಿನ ಗುರುತು.
>
> ಹಿಂಬದಿಯ ಮುದ್ರೆ: ಸಾಮಾನ್ಯವಾಗಿ ಬಟವಾಡೆ ಕಚೇರಿಯದು, ಹೊರಟ ದಿನಾಂಕದೊಂದಿಗೆ ಹೋಲಿಸಿದರೆ ಪ್ರಯಾಣದ ಅವಧಿ ಸಿಗುತ್ತದೆ.
>
> ಕೈಬರಹದ ಷರಾ: ವಿಳಾಸದಾರ ಊರಲ್ಲಿಲ್ಲ, ತೆಗೆದುಕೊಳ್ಳಲು ನಿರಾಕರಿಸಿದ್ದಾರೆ, ಬೇರಿಂಗ್ (ಪಡೆಯುವವರೇ ಹಣ ತೆರಬೇಕು) ಎಂಬಂಥ ಅಂಚೆಯವರ ನಮೂದುಗಳು.

ದರ, ದಾರಿ, ಮುದ್ರೆ

ಅಂಚೆಯ ಇತಿಹಾಸಕ್ಕೆ ಪ್ರತ್ಯೇಕ ಶಿಸ್ತಿನ ರೂಪ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಲಂಡನ್ನಿನ ಹರಾಜುದಾರನೂ ಗ್ರಂಥಕರ್ತನೂ ಆಗಿದ್ದ ರಾಬ್ಸನ್ ಲೋ ಈ ಹೆಸರನ್ನು ಪ್ರಚಾರಕ್ಕೆ ತಂದವರಲ್ಲಿ ಪ್ರಮುಖ. 1936ರಲ್ಲಿ ಬ್ರಿಟನ್ನಿನಲ್ಲಿ ಪೋಸ್ಟಲ್ ಹಿಸ್ಟರಿ ಸೊಸೈಟಿ ಸ್ಥಾಪನೆಯಾಯಿತು. ಇಂದು ಅಂತರರಾಷ್ಟ್ರೀಯ ಫಿಲಾಟೆಲಿ ಒಕ್ಕೂಟದ ಸ್ಪರ್ಧೆಗಳಲ್ಲಿ ಸಾಂಪ್ರದಾಯಿಕ ಚೀಟಿ ಸಂಗ್ರಹಕ್ಕೆ ಒಂದು ವಿಭಾಗ, ಅಂಚೆಯ ಇತಿಹಾಸಕ್ಕೆ ಇನ್ನೊಂದು ವಿಭಾಗ ಎಂಬ ವಿಂಗಡಣೆಯೇ ಇದೆ.

ಈ ಶಿಸ್ತಿನ ಮೊದಲ ಆಧಾರ ದರ. 1837ರ ಕಾಯಿದೆಯ ನಂತರದ ವರ್ಷಗಳಲ್ಲಿ ಕಲ್ಕತ್ತೆಯಿಂದ ಮುಂಬಯಿಗೆ ಒಂದು ತೊಲೆ ತೂಕದ ಕಾಗದ ಕಳುಹಿಸಲು ಒಂದು ರೂಪಾಯಿ, ಅಂದರೆ ಹದಿನಾರಾಣೆ, ತಗಲುತ್ತಿತ್ತು; ದೂರ ಹೆಚ್ಚಿದಂತೆ ದರವೂ ಏರುತ್ತಿತ್ತು. 1854ರ ಅಕ್ಟೋಬರ್ 1ರಿಂದ ದೂರದ ಲೆಕ್ಕವನ್ನು ಕೈಬಿಟ್ಟು ಕಾಲು ತೊಲೆಗೆ ಅರ್ಧ ಆಣೆ, ಒಂದು ತೊಲೆಗೆ ಎರಡಾಣೆ ಎಂದು ನಿಗದಿಯಾದಾಗ, ಅದೇ ಕಲ್ಕತ್ತೆ–ಮುಂಬಯಿ ಕಾಗದದ ವೆಚ್ಚ ಎಂಟನೆಯ ಒಂದು ಪಾಲಿಗೆ ಇಳಿಯಿತು. ಹೊಸ ಚೀಟಿಯ ಬಣ್ಣ ಮತ್ತು ಅಚ್ಚಿನಲ್ಲಿ ಸಂಗ್ರಾಹಕನಿಗೆ ಆಸಕ್ತಿಯಾದರೆ, ಈ ಇಳಿಕೆಯಿಂದ ಯಾರು ಯಾರಿಗೆ ಕಾಗದ ಬರೆಯಲು ಶಕ್ತರಾದರು ಎಂಬುದರಲ್ಲಿ ಇತಿಹಾಸಕಾರನಿಗೆ ಆಸಕ್ತಿ.

ಚೀಟಿ ಅಂಟಿಸದೆ ಕಳುಹಿಸಿದ ಕಾಗದಕ್ಕೆ ಪಡೆಯುವವನು ಇಮ್ಮಡಿ ತೆರಬೇಕೆಂದೂ ಅದೇ ಸುಧಾರಣೆ ವಿಧಿಸಿತು. ಹಳ್ಳಿಗಳಲ್ಲಿ ಬೇರಿಂಗ್ ಕಾಗದ ಎಂದು ಕರೆಸಿಕೊಂಡ ಇಂಥ ಲಕೋಟೆಗಳ ಮೇಲೆ ಚೀಟಿ ಇರುವುದಿಲ್ಲವಾದ್ದರಿಂದ ಹಳೆಯ ಆಲ್ಬಂಗಳಿಗೆ ಅವು ಬೇಡವಾಗಿದ್ದವು. ಆದರೆ ಮುಂಗಡ ಪಾವತಿಗೆ ಜನ ಎಷ್ಟು ನಿಧಾನವಾಗಿ ಒಗ್ಗಿಕೊಂಡರು ಎಂಬುದಕ್ಕೆ ಅವು ನೇರ ಪುರಾವೆ.

ಎರಡನೆಯ ಆಧಾರ ದಾರಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲೇ ಭಾರತದ ಅಂಚೆ ಈಜಿಪ್ಟಿನ ನೆಲವನ್ನು ದಾಟಿ ಮೆಡಿಟರೇನಿಯನ್ ಸೇರುತ್ತಿತ್ತು. ಅಲ್ಲಿಂದ ಮುಂದೆ ಮಾರ್ಸೇಲ್ಸಿನಲ್ಲಿ ಇಳಿದು ಫ್ರಾನ್ಸಿನ ಮೂಲಕ ಹೋಗುವುದು ಬೇಗದ, ದುಬಾರಿಯ ದಾರಿ. ಹಡಗಿನಲ್ಲಿಯೇ ಸೌತಾಂಪ್ಟನ್ ತಲುಪುವುದು ನಿಧಾನದ, ಅಗ್ಗದ ದಾರಿ. ಬೆಂಗಳೂರು ದಂಡಿನಿಂದ ಇಂಗ್ಲೆಂಡಿಗೆ ಹೋಗುವ ಕಾಗದವೊಂದರ ಮೇಲೆ ಇವೆರಡರಲ್ಲಿ ಯಾವುದರ ಹೆಸರಿದೆ ಎಂದು ನೋಡಿದರೆ ಬರೆದವನ ಅವಸರವೂ ಅವನ ಕೈಯಲ್ಲಿದ್ದ ಹಣವೂ ಅಂದಾಜಿಗೆ ಸಿಗುತ್ತವೆ. ದಳದ ಅಧಿಕಾರಿಯ ಸಹಿ ಲಕೋಟೆಯ ಮೇಲಿದ್ದರೆ, ಸಾಮಾನ್ಯ ಸಿಪಾಯಿಗಳಿಗೆ ಒಂದು ಪೆನ್ನಿಯ ರಿಯಾಯಿತಿ ನೀಡುತ್ತಿದ್ದ ಬ್ರಿಟಿಷ್ ನಿಯಮ ಅದರ ಹಿಂದಿರಬಹುದು.

ಮೂರನೆಯದು ಮುದ್ರೆ. ವಿಕ್ಟೋರಿಯಾ ರಾಣಿಯ ಕಾಲದ ಭಾರತದ ಅರ್ಧ ಆಣೆ ಚೀಟಿ ಹೇರಳವಾಗಿ ಸಿಗುವ ವಸ್ತು. ಆದರೆ ಅದರ ಮೇಲೆ ‘ಬಿ 172’ ಎಂಬ ಮುದ್ರೆ ಬಿದ್ದಿದ್ದರೆ ಅದು ಬಳಕೆಯಾದದ್ದು ಸಿಂಗಪುರದಲ್ಲಿ, ‘124’ ಎಂದಿದ್ದರೆ ಏಡನ್ ಬಂದರಿನಲ್ಲಿ. ಸಿಂಗಪುರವನ್ನೊಳಗೊಂಡ ಜಲಸಂಧಿ ವಸಾಹತುಗಳು 1867ರವರೆಗೆ ಕಲ್ಕತ್ತೆಯ ಆಡಳಿತದಲ್ಲಿದ್ದವು, ಏಡನ್ 1937ರವರೆಗೆ ಭಾರತದ ಚೀಟಿಗಳನ್ನೇ ಬಳಸುತ್ತಿತ್ತು ಎಂಬ ರಾಜಕೀಯ ಸಂಗತಿಗೆ ಒಂದು ಮಸಿಗುರುತು ಇಲ್ಲಿ ಪುರಾವೆಯಾಗುತ್ತದೆ.

ಈ ಮುದ್ರೆಗಳನ್ನು ವರ್ಗೀಕರಿಸಿದವರು ಚೀಟಿ ಸಂಗ್ರಾಹಕರೇ. ಭಾರತದ ಆರಂಭಿಕ ರದ್ದುಮುದ್ರೆಗಳನ್ನು ಇಂದಿಗೂ ರೆನೂಫ್ ಮಾದರಿ, ಕೂಪರ್ ಮಾದರಿ ಎಂದು ಗುರುತಿಸುವುದು, ಆ ವಿಷಯದ ಮೇಲೆ ಗ್ರಂಥ ರಚಿಸಿದ ಸಂಗ್ರಾಹಕ ವಿದ್ವಾಂಸರ ಹೆಸರಿನಿಂದ. ಇವರಲ್ಲಿ ಜಾಲ್ ಕೂಪರ್ ಮುಂಬಯಿಯ ಹೆಸರಾಂತ ಫಿಲಾಟೆಲಿ ತಜ್ಞ. ಹವ್ಯಾಸಿಗಳ ಈ ಶ್ರಮವಿಲ್ಲದಿದ್ದರೆ ಇತಿಹಾಸಕಾರನ ಕೈಯಲ್ಲಿ ಅರ್ಥವಾಗದ ಅಂಕಿಗಳಷ್ಟೇ ಉಳಿಯುತ್ತಿದ್ದವು.

ಚೀಟಿತಜ್ಞನ ಪತ್ತೇದಾರಿಕೆ

ಲಕೋಟೆ ಮುಖ್ಯ ಎಂದು ಒಪ್ಪಿಕೊಂಡ ಮಾತ್ರಕ್ಕೆ ಚೀಟಿಯ ಅಧ್ಯಯನ ಕೆಳಗಿನ ಮೆಟ್ಟಿಲಿಗೆ ಇಳಿಯುವುದಿಲ್ಲ, ಏಕೆಂದರೆ ಲಕೋಟೆಯೇ ಸುಳ್ಳು ಹೇಳುವ ಸಂದರ್ಭಗಳಲ್ಲಿ ಅದನ್ನು ಬಯಲಿಗೆಳೆಯುವ ವಿದ್ಯೆ ಚೀಟಿತಜ್ಞನದು. ಭಾರತದ ಚೀಟಿಗಳ ಕಾಗದದಲ್ಲಿ ಆನೆಯ ತಲೆಯ ನೀರುಗುರುತು ಕಾಣಿಸಿಕೊಂಡದ್ದು 1865ರಲ್ಲಿ. 1858ರ ದಿನಾಂಕದ ಮುದ್ರೆಯಡಿ ಅಂಥ ಚೀಟಿ ಇದ್ದರೆ, ಬರಹ ಎಷ್ಟೇ ಹಳೆಯದಾಗಿ ಕಂಡರೂ ಆ ಲಕೋಟೆ ನಂಬಿಕೆಗೆ ಅರ್ಹವಲ್ಲ.

ಲಂಡನ್ನಿನ ಸ್ಟಾಕ್ ಎಕ್ಸ್‌ಚೇಂಜ್ ವಂಚನೆ ಇನ್ನೂ ದೊಡ್ಡ ಉದಾಹರಣೆ. 1872–73ರಲ್ಲಿ ಅಲ್ಲಿನ ಅಂಚೆ ಕಚೇರಿಯ ತಂತಿ ವಿಭಾಗದಲ್ಲಿ ಒಂದು ಶಿಲ್ಲಿಂಗಿನ ನಕಲಿ ಹಸಿರು ಚೀಟಿಗಳನ್ನು ತಂತಿ ಅರ್ಜಿಗಳ ಮೇಲೆ ಅಂಟಿಸಿ ಯಾರೋ ಹಣ ಹೊಡೆಯುತ್ತಿದ್ದರು. ಬಳಸಿದ ಅರ್ಜಿಗಳು ಸಾರ್ವಜನಿಕರ ಕೈಗೆ ಮರಳುತ್ತಿರಲಿಲ್ಲವಾದ್ದರಿಂದ ವಂಚನೆ ಬೆಳಕಿಗೆ ಬರಲಿಲ್ಲ.

1898ರಲ್ಲಿ ರದ್ದಿಯಾಗಿ ಹೊರಬಿದ್ದ ಆ ಚೀಟಿಗಳನ್ನು ಪರಿಶೀಲಿಸಿದ ಚಾರ್ಲ್ಸ್ ನಿಸೆನ್ ಎಂಬ ಚೀಟಿ ವ್ಯಾಪಾರಿ, ಅವುಗಳ ಮೂಲೆಯ ಅಕ್ಷರಗಳಲ್ಲಿ ದೋಷ ಕಂಡ. ಬ್ರಿಟನ್ನಿನ ಅಂದಿನ ಚೀಟಿಗಳ ಮೂಲೆಯಲ್ಲಿರುತ್ತಿದ್ದ ಅಕ್ಷರಜೋಡಿ ಹಾಳೆಯಲ್ಲಿ ಆ ಚೀಟಿಯ ಸಾಲು ಮತ್ತು ಸ್ಥಾನವನ್ನು ಸೂಚಿಸುತ್ತಿತ್ತು. ನಕಲಿ ಮಾಡಿದವನಿಗೆ ಈ ಮರ್ಮ ತಿಳಿಯದೆ, ನಿಜವಾದ ಹಾಳೆಯಲ್ಲಿ ಬರಲು ಸಾಧ್ಯವೇ ಇಲ್ಲದ ಜೋಡಿಗಳನ್ನೂ ಅಚ್ಚುಹಾಕಿದ್ದ. ಅಂಚೆ ಇಲಾಖೆಗೆ ಕಾಲು ಶತಮಾನ ಗೊತ್ತಾಗದಿದ್ದ ಅಪರಾಧವನ್ನು ಹೀಗೆ ಚೀಟಿಯ ಸೂಕ್ಷ್ಮ ಬಲ್ಲವನೊಬ್ಬ ಹೊರಗೆಡವಿದ.

> ಚೌಕಟ್ಟು 2: ನಿರಾಶ್ರಿತರಿಗಾಗಿ ಐದು ಪೈಸೆ
>
> ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಬಂದ 1971ರಲ್ಲಿ, ನವೆಂಬರ್ 15ರಿಂದ ಅಂಚೆಯ ಮೇಲೆ ಐದು ಪೈಸೆಯ ಹೆಚ್ಚುವರಿ ತೆರಿಗೆ ಜಾರಿಗೆ ಬಂತು. ಅದು 1973ರ ಮಾರ್ಚ್ ಅಂತ್ಯದವರೆಗೆ ಮುಂದುವರಿಯಿತು.
>
> ವಿಶೇಷ ಚೀಟಿ ಅಚ್ಚಾಗಿ ಬರುವವರೆಗೆ, ಕುಟುಂಬ ಯೋಜನೆಯ ಚಿತ್ರವಿದ್ದ ಐದು ಪೈಸೆ ಚೀಟಿಯ ಮೇಲೆಯೇ ನಿರಾಶ್ರಿತರ ಪರಿಹಾರ ಎಂಬರ್ಥದ ಪದಗಳನ್ನು ಮೇಲ್ಮುದ್ರಣ ಮಾಡಿ ಬಳಸಲಾಯಿತು. ಕೆಲವೆಡೆ ಸ್ಥಳೀಯವಾಗಿಯೇ ಅಚ್ಚು, ರಬ್ಬರ್ ಮೊಹರುಗಳಿಂದ ಈ ಕೆಲಸ ನಡೆಯಿತು.
>
> ಚೀಟಿಯೊಂದೇ ಸಿಕ್ಕರೆ ಅದೊಂದು ಮುದ್ರಣಭೇದ. ಲಕೋಟೆಯ ಮೇಲೆ ಸಿಕ್ಕರೆ ಯಾವ ಊರು ಯಾವ ದಿನ ಯಾವ ಮೊಹರು ಬಳಸಿತು ಎಂಬುದರ ದಾಖಲೆ.

ಚೀಟಿಯಿಲ್ಲದ ಅಂಚೆ

ಎರಡೂ ಅಧ್ಯಯನಗಳ ನಡುವಿನ ಗೆರೆ ಅತ್ಯಂತ ನಿಚ್ಚಳವಾಗಿ ಕಾಣುವುದು ಮೈಸೂರು ಅಂಚೆಯ ವಿಷಯದಲ್ಲಿ. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (1673–1704) ನೆಲೆಗೊಂಡ ಈ ವ್ಯವಸ್ಥೆ ಪತ್ರ ಸಾಗಿಸುವುದರ ಜೊತೆಗೆ ಸೀಮೆಯ ಗುಟ್ಟಿನ ಸುದ್ದಿಗಳನ್ನು ಅರಮನೆಗೆ ತಲುಪಿಸುವ ಬೇಹಿನ ಕೆಲಸವನ್ನೂ ಮಾಡುತ್ತಿತ್ತು ಎಂದು ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ರಾಜವಂಶ, ಸುಲ್ತಾನರು, ದಿವಾನರು, ಬ್ರಿಟಿಷ್ ಕಮಿಷನರುಗಳು ಎಂದು ಆಡಳಿತ ಕೈಬದಲಾದರೂ ಅಂಚೆ ನಡೆದುಕೊಂಡು ಬಂದು, 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು.

ಎರಡು ಶತಮಾನ ಬಾಳಿದ ಈ ಅಂಚೆ ತನ್ನದೇ ಆದ ಅಂಚೆಚೀಟಿಯನ್ನು ಬಳಕೆಗೆ ತರಲಿಲ್ಲ. ಹೈದರಾಬಾದು 1869ರಲ್ಲಿ, ತಿರುವಾಂಕೂರು 1888ರಲ್ಲಿ, ಕೊಚ್ಚಿ 1892ರಲ್ಲಿ ಸ್ವಂತ ಚೀಟಿಗಳನ್ನು ಹೊರಡಿಸಿದ್ದರಿಂದ ಜಗತ್ತಿನ ಯಾವುದೇ ದೊಡ್ಡ ಕ್ಯಾಟಲಾಗಿನಲ್ಲಿ ಆ ಸಂಸ್ಥಾನಗಳಿಗೆ ಪುಟಗಳಿವೆ. ಅವುಗಳಿಗಿಂತ ಹಳೆಯ ಅಂಚೆಯನ್ನು ನಡೆಸಿದ ಮೈಸೂರಿಗೆ ಅಂಥ ಪುಟವಿಲ್ಲ.

ಚೀಟಿಯನ್ನೇ ಅಳತೆಗೋಲಾಗಿ ಹಿಡಿದರೆ ಮೈಸೂರು ಅಂಚೆ ಇರಲೇ ಇಲ್ಲ ಎಂಬಷ್ಟು ವಿಚಿತ್ರವಾದ ತೀರ್ಮಾನಕ್ಕೆ ಬರಬೇಕಾಗುತ್ತದೆ. ಲಕೋಟೆಯನ್ನೋ ಮಡಿಸಿದ ಕಾಗದವನ್ನೋ ಅಳತೆಗೋಲಾಗಿ ಹಿಡಿದರೆ ಮಾತ್ರ ಅಂಚೆ ಕಚೇರಿಯ ಮೊಹರು, ಕೈಬರಹದ ನಮೂದು, ವಿಳಾಸ ಬರೆಯುವ ಶೈಲಿ, ಸರ್ಕಾರಿ ಮತ್ತು ಖಾಸಗಿ ಪತ್ರಗಳ ವ್ಯತ್ಯಾಸ ಇವುಗಳಿಂದ ಆ ವ್ಯವಸ್ಥೆಯ ಚಿತ್ರ ಮೂಡುತ್ತದೆ.

ಇಂಥ ಕಾಗದಗಳು ಅಪರೂಪವಾಗಲು ಚೀಟಿಯ ಕೊರತೆಯೇ ಒಂದು ಕಾರಣವೆಂದು ಊಹಿಸಬಹುದು. ಚೀಟಿ ಇದ್ದ ಕಾಗದವನ್ನು ಅರ್ಧಂಬರ್ಧವಾಗಿಯಾದರೂ ಸಂಗ್ರಾಹಕ ಉಳಿಸಿದ. ಚೀಟಿ ಇಲ್ಲದ್ದನ್ನು ಉಳಿಸಲು ಅವನಿಗೆ ಕಾರಣವೇ ಇರಲಿಲ್ಲ. ಮನೆತನಗಳ ಪೆಟ್ಟಿಗೆಗಳಲ್ಲಿ, ಮಠಗಳ ಕಡತಗಳಲ್ಲಿ, ಪತ್ರಾಗಾರಗಳಲ್ಲಿ ಇರುವ ಮೈಸೂರು ಅಂಚೆಯ ಕಾಗದಗಳಿಗೆ ಈ ಕಾರಣದಿಂದಲೇ ಹೆಚ್ಚಿನ ಮಹತ್ವವಿದೆ.

ಹರಿದು ಹಂಚಿದ ನಾಡಿನ ನಕ್ಷೆ

1956ರ ಏಕೀಕರಣಕ್ಕೆ ಮುಂಚಿನ ಕನ್ನಡ ನಾಡು ಎಷ್ಟು ಚೂರಾಗಿತ್ತು ಎಂಬುದನ್ನು ರಾಜಕೀಯ ಭೂಪಟಗಳಷ್ಟೇ ಸ್ಪಷ್ಟವಾಗಿ ಅಂಚೆಯೂ ತೋರಿಸುತ್ತದೆ. 1880ರ ಹೊತ್ತಿನಲ್ಲಿ ಧಾರವಾಡ, ಬೆಳಗಾವಿ, ಮಂಗಳೂರುಗಳ ಕಾಗದ ಬ್ರಿಟಿಷ್ ಭಾರತದ ಚೀಟಿ ಹೊತ್ತು ಹೊರಟರೆ, ಬೀದರ, ಕಲಬುರಗಿ, ರಾಯಚೂರುಗಳಲ್ಲಿ ನಿಜಾಮರ ಅಂಚೆಯಿತ್ತು. ಮೈಸೂರು ಸಂಸ್ಥಾನದೊಳಗೆ ಚೀಟಿಯಿಲ್ಲದ ಅಂಚೆ ಓಡುತ್ತಿತ್ತು.

ನಿಜಾಮರ ಚೀಟಿಗೆ ಅವರ ಸಂಸ್ಥಾನದ ಗಡಿಯಾಚೆ ಮಾನ್ಯತೆ ಇರಲಿಲ್ಲವಾದ್ದರಿಂದ, ಕೃಷ್ಣೆಯ ಎರಡು ದಡಗಳಲ್ಲಿ ಒಂದೇ ಭಾಷೆಯಾಡುವ ಇಬ್ಬರು ಬೀಗರು ಪರಸ್ಪರ ಕಾಗದ ಬರೆಯಲು ಬೇರೊಂದು ಸರ್ಕಾರದ ಚೀಟಿ ಹುಡುಕಬೇಕಾದ ಪರಿಸ್ಥಿತಿ ಕೆಲವೆಡೆ ಇತ್ತು. ಹೈದರಾಬಾದಿನ ಪ್ರತ್ಯೇಕ ಚೀಟಿ ಕೊನೆಗೊಂಡದ್ದು 1950ರಲ್ಲಿ. ಅಂದರೆ ರಾಜ್ಯ ಒಂದಾಗುವುದಕ್ಕೆ ಆರು ವರ್ಷ ಮುಂಚೆಯೇ ಅಂಚೆ ಒಂದಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹೆಸರು ಹೊತ್ತ ಕಾಗದಗಳು ಇಟಲಿಯ ಹಳ್ಳಿಗಳಿಗೂ ಹೋದವು. ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇರಿಸಲಾಗಿತ್ತು. 1929ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಗಳ ಪತ್ರಕ್ಕೆ ಅಂಚೆ ವೆಚ್ಚವಿಲ್ಲ. ಅವುಗಳ ಮೇಲೆಯೂ ಚೀಟಿ ಇರಬೇಕಾಗಿರಲಿಲ್ಲ. ಶಿಬಿರದ ಗುರುತು, ಸೆನ್ಸಾರ್ ಮುದ್ರೆ, ದಿನಾಂಕಗಳೇ ಅವುಗಳ ಸರ್ವಸ್ವ.

> ಚೌಕಟ್ಟು 3: ಕಾಲದ ಮೈಲಿಗಲ್ಲು
>
> 1661: ಲಂಡನ್ನಿನಲ್ಲಿ ದಿನಾಂಕದ ಅಂಚೆ ಮುದ್ರೆ
>
> 1840: ಮೊದಲ ಅಂಟಿಸುವ ಅಂಚೆಚೀಟಿ ಪೆನ್ನಿ ಬ್ಲ್ಯಾಕ್
>
> 1852: ಸಿಂಧ್ ಪ್ರಾಂತ್ಯದಲ್ಲಿ ಬಾರ್ಟಲ್ ಫ್ರೇರ್ ಹೊರಡಿಸಿದ ದುಂಡನೆಯ ‘ಸಿಂಧ್ ಡಾಕ್’, ಏಷ್ಯಾದ ಮೊದಲ ಅಂಚೆಚೀಟಿ
>
> 1854: ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಚೀಟಿ ಮತ್ತು ಏಕರೂಪ ದರ
>
> 1879: ಭಾರತದಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು
>
> 1889: ಮೈಸೂರು ಅಂಚೆಯ ವಿಲೀನ
>
> 1947: ನವೆಂಬರ್ 21ರಂದು ಸ್ವತಂತ್ರ ಭಾರತದ ಮೊದಲ ಚೀಟಿ, ರಾಷ್ಟ್ರಧ್ವಜ, ಜೈ ಹಿಂದ್
>
> 1972: ಆಗಸ್ಟ್ 15ರಂದು ಪಿನ್ ಕೋಡ್ ಜಾರಿ

ಬೆಲೆ ಬೇರೆ, ಮೌಲ್ಯ ಬೇರೆ

ಮಾರುಕಟ್ಟೆ ಅಪರೂಪಕ್ಕೆ ಬೆಲೆ ಕಟ್ಟುತ್ತದೆ. ಗಾಂಧೀಜಿಯ ಚಿತ್ರವಿರುವ 1948ರ ಹತ್ತು ರೂಪಾಯಿ ಚೀಟಿಯ ಮೇಲೆ ಸರ್ಕಾರಿ ಬಳಕೆಗೆಂದು ‘ಸರ್ವಿಸ್’ ಎಂದು ಮೇಲ್ಮುದ್ರಿಸಿದ ಪ್ರತಿಗಳು ನೂರು ಮಾತ್ರ. ಅವುಗಳಲ್ಲಿ ನಾಲ್ಕರ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಸಾಮಾನ್ಯ ಮನುಷ್ಯರ ಕಾಗದಗಳನ್ನು ಸಾಗಿಸಿದ ಹದಿನೈದು ಪೈಸೆಯ ಇನ್‌ಲ್ಯಾಂಡ್ ಪತ್ರಕ್ಕೆ ಅಂಥ ಬೆಲೆ ಎಂದೂ ಬರಲಾರದು. ಆದರೂ ಒಂದು ಊರಿನ ವಲಸೆ, ಮದುವೆ, ಬರಗಾಲ, ವ್ಯಾಪಾರಗಳನ್ನು ಅಧ್ಯಯನ ಮಾಡುವವನಿಗೆ ಆ ಸಣ್ಣ ಪತ್ರಗಳ ಕಟ್ಟೇ ಹೆಚ್ಚು ಉಪಯುಕ್ತ.

ಬೆಲೆಯ ಆಸೆ ಇತಿಹಾಸಕ್ಕೆ ಹಾನಿಯನ್ನೂ ಮಾಡಿದೆ. ಬಿಡಿ ಚೀಟಿಗಿಂತ ಲಕೋಟೆಗೆ ಬೇಡಿಕೆ ಹೆಚ್ಚಿದ ಮೇಲೆ, ಹಳೆಯ ಲಕೋಟೆಗೆ ಬೇರೆ ಚೀಟಿ ಅಂಟಿಸಿ ನಕಲಿ ಮುದ್ರೆ ಒತ್ತುವ ಕಸುಬು ಹುಟ್ಟಿಕೊಂಡಿತು. ಒಂದೇ ಮನೆತನದ ಪತ್ರಗಳ ಕಟ್ಟು ಹರಾಜಿನಲ್ಲಿ ಬಿಡಿಬಿಡಿಯಾಗಿ ಚದುರಿ, ಅವುಗಳ ಪರಸ್ಪರ ಸಂಬಂಧವೇ ಕಳೆದುಹೋಗುವುದೂ ಉಂಟು. ಇತಿಹಾಸಕಾರನ ಕಣ್ಣಿನಲ್ಲಿ ಚೀಟಿ ಕೀಳುವುದಕ್ಕೂ ಕಟ್ಟು ಒಡೆಯುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಕಾಗದ ಮುಗಿಯುವ ಹೊತ್ತು

ಈ ಚರ್ಚೆಗೆ ಈಗ ತುರ್ತು ಬಂದಿದೆ. ಡೆನ್ಮಾರ್ಕ್‌ನಲ್ಲಿ 1624ರಿಂದ ನಡೆದುಬಂದಿದ್ದ ಅಂಚೆ ಪರಂಪರೆಯ ವಾರಸುದಾರ ಸಂಸ್ಥೆ 2025ರ ಕೊನೆಗೆ ಪತ್ರ ಬಟವಾಡೆಯನ್ನೇ ನಿಲ್ಲಿಸಿತು. ಭಾರತದಲ್ಲಿ ಅದೇ ವರ್ಷ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನೊಳಗೆ ವಿಲೀನಗೊಂಡು, ನ್ಯಾಯಾಲಯದ ನೋಟಿಸಿನಿಂದ ಹಿಡಿದು ನೌಕರಿಯ ಆದೇಶದವರೆಗೆ ಎಲ್ಲರಿಗೂ ಪರಿಚಿತವಾಗಿದ್ದ ಒಂದು ಸೇವೆಯ ಹೆಸರು ಚರಿತ್ರೆಗೆ ಸೇರಿತು.

ಆದ್ದರಿಂದ ನಿನ್ನೆಮೊನ್ನೆಯ ಲಕೋಟೆಯೂ ಇನ್ನು ಮೂಲ ದಾಖಲೆಯೇ. ಪಿನ್ ಕೋಡ್ ಇಲ್ಲದೆ ‘ಬೆಂಗಳೂರು–4’ ಎಂದಷ್ಟೇ ಇರುವ ವಿಳಾಸ 1972ಕ್ಕೆ ಮುಂಚಿನ ಬರವಣಿಗೆಯ ಅಭ್ಯಾಸವನ್ನೂ, ಕಳುಹಿಸಿದವರ ವಿಳಾಸದಲ್ಲಿನ ‘ಮೈಸೂರು ರಾಜ್ಯ’ ಎಂಬ ಹೆಸರು 1973ಕ್ಕೆ ಮುಂಚಿನ ಕಾಲವನ್ನೂ ಸೂಚಿಸುತ್ತವೆ. ರಿಜಿಸ್ಟರ್ಡ್ ಅಂಚೆಯ ಸಂಖ್ಯಾಚೀಟಿ ಯಾವ ಕಚೇರಿಯಿಂದ ಕಾಗದ ಹೊರಟಿತೆಂದು ಹೇಳುತ್ತದೆ.

ಆಲ್ಬಂ ಕಟ್ಟುವವರ ಶ್ರದ್ಧೆ ಮತ್ತು ಚರಿತ್ರೆ ಬರೆಯುವವರ ಪ್ರಶ್ನೆ ಇವೆರಡೂ ಕೂಡಿದಾಗ ಮಾತ್ರ ಈ ಕಾಗದಗಳು ಪೂರ್ಣವಾಗಿ ಮಾತನಾಡುತ್ತವೆ. ಚೀಟಿಯ ವಿದ್ಯೆ ಬಾರದ ಇತಿಹಾಸಕಾರ ಮೋಸ ಹೋಗುತ್ತಾನೆ. ಇತಿಹಾಸದ ಪ್ರಶ್ನೆ ಇಲ್ಲದ ಸಂಗ್ರಾಹಕ ತನ್ನ ಕೈಯಲ್ಲಿರುವುದರ ಅರ್ಥ ತಿಳಿಯದೆಯೇ ಅದನ್ನು ಕತ್ತರಿಸುತ್ತಾನೆ. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಫಿಲಾಟೆಲಿ ಸಂಘಗಳತ್ತ ತಿರುಗಿ ನೋಡದೆ, ಸಂಘಗಳು ಪತ್ರಾಗಾರದ ಬಾಗಿಲು ತಟ್ಟದೆ ಇರುವವರೆಗೆ ಮೈಸೂರು ಅಂಚೆಯಂಥ ವಿಷಯದಲ್ಲಿ ದೊಡ್ಡ ಪ್ರಗತಿ ಸಾಧ್ಯವಾಗದು.

ಅಟ್ಟ ಹಸನು ಮಾಡುವಾಗ ಅಜ್ಜನ ಕಾಲದ ಕಾಗದದ ಕಟ್ಟು ಸಿಕ್ಕ ಓದುಗರು ಮಾಡಬೇಕಾದದ್ದು ಇಷ್ಟೇ: ಚೀಟಿಯನ್ನು ಕೀಳಬಾರದು, ಲಕೋಟೆಯನ್ನೂ ಒಳಗಿನ ಪತ್ರವನ್ನೂ ಬೇರ್ಪಡಿಸಬಾರದು, ಸೆಲ್ಲೋಟೇಪು, ಪಿನ್ನು, ರಬ್ಬರ್ ಬ್ಯಾಂಡುಗಳನ್ನು ತಾಕಿಸಬಾರದು, ಬರೆದವರು ಯಾರು, ಪಡೆದವರು ಯಾರು, ಇಬ್ಬರ ನಂಟೇನು ಎಂಬುದನ್ನು ತಿಳಿದವರು ಮನೆಯಲ್ಲಿ ಇರುವಾಗಲೇ ಕೇಳಿ ಬೇರೊಂದು ಹಾಳೆಯಲ್ಲಿ ಬರೆದಿಡಬೇಕು. ಚೀಟಿಯೇ ಇಲ್ಲದ, ಮೊಹರು ಮಾತ್ರ ಇರುವ ಹಳೆಯ ಕಾಗದ ಸಿಕ್ಕರೆ ಅದನ್ನು ರದ್ದಿಗೆ ಹಾಕುವ ಮುನ್ನ ಬಲ್ಲವರಿಗೆ ತೋರಿಸಲೇಬೇಕು.